ಎಂಟ್ ತಾಸ್ ಮಲ್ಕೊಂಡ್ರೂ ನಿದ್ದಿ ತೀರವಲ್ದು, ಯಾವ ಡಾಕ್ಟರಿಗಿ ತೋರಸ್ಬೇಕ್ರಿ?

ಸೇಡಂರೋಡ್_ಟೀಚರ್

ಎಲ್ಲಾರಿಗೂ ಶರಣ್ರಿ. ನಾ ಕಲಬುರಗ್ಯಾಗ ಇರ್ತೀನಿ, ವಯಸ್ಸು 41, ಸೇಡಂ ರೋಡಿನ ಮ್ಯಾಲ ಒಂದ್ ಹಳ್ಳ್ಯಾಗ ಪ್ರೈಮರಿ ಸಾಲಿ ಟೀಚರ್ ಇದೀನಿ, ದಿನಾ ಬಸ್ಸಿಗಿ ಅಪ್ ಡೌನ್ ಮಾಡ್ತೀನಿ. ನನ್ ಸಮಸ್ಯಾ ಕೇಳಿ ನಗಬ್ಯಾಡ್ರಿ, ಮನ್ಯಾಗ ನಗೋರೆಲ್ಲಾ ನಕ್ಕು ಮುಗಿಸ್ಯಾರ.

ನನಗ ನಿದ್ದಿ ಬರವಲ್ದು ಅಂತಲ್ಲ, ನಿದ್ದಿ ಬಿಡವಲ್ದು. ರಾತ್ರಿ ಹಾಸಗಿ ಮುಟ್ಟಿದ್ರ ಸಾಕು ಮಲಗ್ತೀನಿ, ಆದ್ರ ಮುಂಜಾನಿ ಎದ್ದಾಗ ಮೈ ಜಡ, ಬಾಯಿ ಒಣಗಿರ್ತದ, ಹಣಿ ಒತ್ತಿ ಹಿಡ್ದಂಗ ನೋಯ್ತಿರ್ತದ, ಚಾ ಕುಡದು ಒಂದ್ ತಾಸ್ ಆದ್ಮ್ಯಾಲ ಕಡಿಮಿ ಆಗ್ತದ. ಬಸ್ಸಿನ್ಯಾಗ ಸೀಟ್ ಸಿಕ್ಕಿತಂದ್ರ ಊರು ದಾಟೋದ್ರಾಗ ಕಣ್ಣು ಮುಚ್ಚಿರ್ತಾವ. ನಮ್ ಸ್ಟಾಪ್ ಮಳಖೇಡಕ್ಕಿಂತ ಮದ್ಲೇ ಬರ್ತದ, ಕಂಡಕ್ಟರ್ ಗುರ್ತಿನಾಂವ ಇದ್ರ ಎಬ್ಬಿಸ್ತಾನ, ಹೊಸಬಾಂವ ಇದ್ರ ಕಾಗಿಣಾ ಬ್ರಿಜ್ ಮ್ಯಾಲ ಎಚ್ಚರ ಆಗ್ತದ. ಬಸ್ಸಿಂದು ಬಿಡ್ರಿ, ಬಸ್ಸಿನ್ಯಾಗ ಎಲ್ಲಾರೂ ಮಲಗ್ತಾರ. ಈಗ ಬಿಸಿಊಟ ಆದ್ಮ್ಯಾಲಿನ ಪಿರಿಯಡ್‌ನ್ಯಾಗ ನೋಟ್‌ಬುಕ್ ತಿದ್ಕೋತ ಕುಂತಲ್ಲೇ ಝೋಂಪು ಹತ್ತಿ ಕೆಂಪು ಪೆನ್ನು ಹುಡುಗರ ಬರಹದ ಮ್ಯಾಲ ಗೆರಿ ಎಳಕೊಂಡ್ ಹೋಗಿರ್ತದ. ಮೂರನೇತ್ತೆ ಹುಡುಗಿ ಒಬ್ಬಾಕಿ ಬಾಜು ಇದ್ದಾಕಿಗಿ "ಸುಮ್ನ ಕುಂದ್ರೇ, ಟೀಚರ್ ಮಲಗ್ಯಾರ" ಅಂದಿದ್ದು ಕಿವಿಗಿ ಬಿದ್ದು ಎಚ್ಚರಾಯ್ತು. ಹೆಡ್‌ಮಾಸ್ಟರ್ ಇನ್ನಾ ಬಾಯಿ ಬಿಟ್ಟು ಏನೂ ಅಂದಿಲ್ಲ, ನೋಡ್ಯಾರ ಅಂತೂ ಖರೇ.

ಇನ್ನ ಗೊರಕಿ. ಹೆಣ್ಮಕ್ಕಳು ಗೊರಕಿ ಹೊಡೀತಾರ ಅಂದ್ರ ಹೇಳ್ಕೊಳ್ಲಾಕ ನಾಚಿಕಿ ಬರ್ತದ. ಮನ್ಯಾಗ ನಮ್ಮನಿಯವರು ಬ್ಯಾಸಗಿ ಸೆಕಿ ನೆವ ಹೇಳಿ ಮಾಳಗಿ ಮ್ಯಾಲ ಮಲಗ್ಲಾಕ ಶುರು ಮಾಡಿದೋರು ಮಳಿ ಬಂದ್ರೂ ಕೆಳಗ ಬರದೇ ಹೊರಗಿನ ಖೋಲಿ ಹಿಡದಾರ. ಮೊನ್ನಿ ಸಂಬಂಧಿಕರ ಲಗ್ನದಾಗ ಕಲ್ಯಾಣ ಮಂಟಪದ ಮ್ಯಾಲಿನ ಹಾಲ್‌ನ್ಯಾಗ ಹೆಂಗಸರೆಲ್ಲಾ ಸಾಲಿಗಿ ಮಲ್ಕೊಂಡಿದ್ವಿ, ನಮ್ ನಾದ್ನಿ ನನ್ ಗೊರಕಿ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗಿ ಹಾಕಿದ್ಳು. ಎಲ್ಲಾರೂ ನಗೋ ಮುಖದ ಚಿತ್ರ ಒತ್ತೀ ಒತ್ತೀ ಇಟ್ರು. ನಾ ಬಚ್ಚಲದಾಗ ಬಾಗಲ ಹಾಕ್ಕೊಂಡು ಆ ವಿಡಿಯೋ ಮತ್ತ ಮತ್ತ ನೋಡೀನಿ. ಗೊರಕಿ ಜೋರ್ ಆಗ್ತದ, ಆಮ್ಯಾಲ ಒಮ್ಮೆಲೆ ಬಂದ್ ಬೀಳ್ತದ, ಉಸರಿನ ಸದ್ದೇ ಇಲ್ಲ, ಎದಿ ಮಾತ್ರ ಏರ್ಲಕ ನೋಡ್ತದ, ಸುಮಾರು ಹೊತ್ತು ಹಂಗೇ, ಆಮ್ಯಾಲ ನೀರಾಗ ಮುಳುಗಿದೋರು ಮ್ಯಾಲ ಬಂದಂಗ ಒಂದ್ ದೊಡ್ಡ ಉಸರು. ಮಂದಿ ಗೊರಕಿಗಿ ನಕ್ಕಾರ, ನನಗ ಆ ನಡುವ ಬಂದ್ ಆಗಿದ್ದ ಜಾಗಾ ನೋಡಿ ಕೈಕಾಲು ಥಂಡ ಆದ್ವು.

ಮದ್ಲ ಒಬ್ಬ ಡಾಕ್ಟರಿಗಿ ತೋರಿಸಿದ್ದೆ, ರಕ್ತ ಟೆಸ್ಟ್ ಮಾಡ್ಸಿ ಹಿಮೋಗ್ಲೋಬಿನ್ 10.6 ಅದ, ಟೆನ್ಶನ್ ಮಾಡ್ಕೊಬ್ಯಾಡ್ರಿ ಅಂತ ಬಿ12 ಇಂಜೆಕ್ಷನ್ ಬರ್ದು ಕಳಿಸಿದ್ರು. ನಿದ್ದಿ ಬಗ್ಗಿ ಒಂದ್ ಮಾತ್ ಕೇಳಿಲ್ಲ. ಇಂಜೆಕ್ಷನ್ ಮುಗದ್ವು, ಝೋಂಪು ಹಂಗೇ ಅದ. ಗೂಗಲ್ ನೋಡಿದ್ರ ಸ್ಲೀಪ್ ಆ್ಯಪ್ನಿಯಾ (ನಿದ್ದ್ಯಾಗ ಉಸರು ನಿಂತು ನಿಂತು ಬರೋದು) ಅಂತದ, ನಾರ್ಕೊಲೆಪ್ಸಿ (ಹಗಲಿ ತಡೀಲಾರದ ನಿದ್ದಿ ಬರೋ ನರದ ರೋಗ) ಅಂತದ, ಥೈರಾಯ್ಡ್ ಅಂತದ, ಓದ್ಕೋತ ಹೋದ್ರ ಎಲ್ಲಾ ನನಗೇ ಅವ ಅನಸ್ತಾವ. ಕೆಲವೊಮ್ಮಿ ನಸಿಕ್ಲೆ ಎಚ್ಚರ ಇರ್ತದ ಆದ್ರ ಕೈಕಾಲು ಅಲುಗಾಡವಲ್ವು, ಎದಿ ಮ್ಯಾಲ ಯಾರೋ ಕುಂತಂಗ, ಅತ್ತಿ ಅದಕ್ಕ ಗಾಳಿ ಅಂತಾರ. ಈಗ ನಾ ಯಾರಿಗಿ ತೋರಸ್ಬೇಕು? ಕಿವಿ ಮೂಗಿನವರಿಗೋ, ಛಾತಿ ಡಾಕ್ಟರಿಗೋ, ನರದವರಿಗೋ? ನಾ ಏನ್ ಅಂಥಾ ದಪ್ಪ ಇಲ್ಲ, 64 ಕೆಜಿ. ಜೀವನಪೂರ್ತಿ ಮುಖಕ್ಕ ಮಷೀನ್ ಹಾಕ್ಕೊಂಡ್ ಮಲಗ್ಬೇಕೇನ್ರಿ? ಗೊತ್ತಿದ್ದೋರು ಹೇಳ್ರಿ.

ಶಹಾಪುರದಾಂವ

ಟೀಚರೇ, ಮಧ್ಯಾನ ಉಂಡ ಮ್ಯಾಲ ಝೋಂಪು ಹತ್ತೋದು ನಮ್ ಕಡಿ ರೋಗ ಅಲ್ರಿ, ಯಾದಗಿರಿ ಜಿಲ್ಲಾದಾಗ ಮೇ ತಿಂಗಳದಾಗ ಎರಡಕ್ಕ ಎಚ್ಚರ ಇದ್ದೋರಿಗೇ ದವಾಖಾನಿಗಿ ಕರ್ಕೊಂಡ್ ಹೋಗ್ಬೇಕು. ರಾತ್ರಿ ಮೊಬೈಲ್ ಬಾಜೂಕಿಡ್ರಿ, ರಾತ್ರಿ ಜ್ವಾಳದ ರೊಟ್ಟಿ ಒಂದ್ ಕಡಿಮಿ ಮಾಡ್ರಿ. ನಮ್ ಕಾಕಾ ಮನಿ ನಡಗೋ ಹಂಗ ಗೊರಕಿ ಹೊಡೀತಾರ, 60 ದಾಟ್ಯಾರ, ಏನೂ ಆಗಿಲ್ಲ. ಭಾಳ ಆದ್ರ ಅವರು ನಿದ್ದಿ ಗುಳಿಗಿ ಅರ್ಧ ತಗೋತಾರ, ಒಂದ್ ನಿದ್ದಿಗಿ ಬೆಳಕ್ ಹರೀತದ. ನೀವೂ ಕೇಳಿ ನೋಡ್ರಿ.

ವಾಡಿ_ನೈಟ್‌ಶಿಫ್ಟ್

ಶಹಾಪುರ ಅಣ್ಣಾರ, ಬಾಕಿ ಎಲ್ಲಾ ಚೇಷ್ಟಿ ನಡೀತದ, ಆ ಅರ್ಧ ಗುಳಿಗಿ ಮಾತ್ ಮಾತ್ರ ವಾಪಸ್ ತಗೋರಿ. ಉಸರು ನಿಲ್ಲೋ ಮಂದಿಗಿ ನಿದ್ದಿ ಗುಳಿಗಿ, ಶರಾಬು ಇವೆರಡೂ ಗಂಟಲ ಸ್ನಾಯು ಇನ್ನಾ ಸಡ್ಲ ಮಾಡ್ತಾವ, ಉಸರು ಬಂದ್ ಆದಾಗ ಮೈ ತಾನಾಗೇ ಎಚ್ಚರ ಆಗೋದೂ ತಡಾ ಆಗ್ತದ. ಡಾಕ್ಟರ್ ಕೇಳದೇ ಮುಟ್ಟಬಾರ್ದು.

ಅಕ್ಕೋರೆ, ನಾ ಸಿಮೆಂಟ್ ಫ್ಯಾಕ್ಟರ್‍ಯಾಗ ಶಿಫ್ಟ್ ಡ್ಯೂಟಿ ಮಾಡ್ತೀನಿ. ನನಗ ಝೋಂಪು ಬಂದಾಗೆಲ್ಲಾ ಎಲ್ಲಾರೂ "ನೈಟ್ ಶಿಫ್ಟ್ ಮಾಡ್ತಿ, ಬರಲಾರದೇ ಏನ್ ಮಾಡ್ತದ" ಅಂತಿದ್ರು, ನಾನೂ ಹಂಗೇ ತಿಳ್ಕೊಂಡಿದ್ದೆ. ಕಡೀಕ್ ಬಿಪಿ ಹಿಡದು ಕೊಟ್ತು. ಮೂರ್ ಥರದ ಗುಳಿಗಿ ನುಂಗಿದ್ರೂ ಬಿಪಿ ಇಳೀವಲ್ದು, ಆಗ ಒಬ್ಬ ಡಾಕ್ಟರ್ ನನ್ ಕಡಿ ನೋಡ್ದೇ ನನ್ ಹೆಂಡ್ತಿ ಕಡಿ ನೋಡಿ ಕೇಳಿದ್ರು, ಇವ್ರು ಮಲಗಿದಾಗ ಉಸರು ನಿಂತಿದ್ದು ನೀವು ನೋಡೀರಾ ಅಂತ. ಆಕಿ ಒಂದ್ ಸಲಕ್ಕ ಅತ್ತುಬಿಟ್ಳು. ರಾತ್ರಿ ಎದ್ದೆದ್ದು ಮೂಗಿನ ಕೆಳಗ ಬಳ್ಳಿಟ್ಟು ನೋಡ್ತಿದ್ಳಂತ, ಹೇಳಿದ್ರ ಇಂವ ಸಿಟ್ಟಿಗೇಳ್ತಾನ ಅಂತ ಹೇಳಿರ್ಲಿಲ್ಲ.

ಇದ್ರಾಗ ಪೇಶಂಟ್‌ಗಿಂತ ಬಾಜು ಮಲಗಿದೋರ ಸಾಕ್ಷಿ ದೊಡ್ಡದು. ನಿಮ್ಮನಿಯವರು ಬ್ಯಾರೆ ಖೋಲಿಗಿ ಹೋಗ್ಯಾರ, ಹಂಗಾಗಿ ನಿಮಗ ಸಾಕ್ಷಿ ಹೇಳೋರು ಯಾರೂ ಇಲ್ಲ. ನಿಮ್ ನಾದ್ನಿ ಗೊತ್ತಿಲ್ದೇ ಆ ಕೆಲಸ ಮಾಡ್ಯಾರ. ಆ ವಿಡಿಯೋ ಡಿಲೀಟ್ ಮಾಡಬ್ಯಾಡ್ರಿ, ಗ್ರೂಪಿನಿಂದ ತಗಸ್ಬೇಕಂದ್ರ ತಗಸ್ರಿ, ನಿಮ್ ಫೋನಿನ್ಯಾಗ ಇಟ್ಕೋರಿ. ಡಾಕ್ಟರ್ ಮುಂದ ಕುಂತು ಮದ್ಲು ಅದನ್ನೇ ತೋರಿಸ್ರಿ, ಆಮ್ಯಾಲ ಮಾತು.

ಯಾವ ಡಾಕ್ಟರ್ ಅಂದ್ರ, ಗೊರಕಿ ಮತ್ತ ಉಸರು ನಿಲ್ಲೋದು ಇದ್ರ ಛಾತಿ ಡಾಕ್ಟರ್ ಅಂದ್ರ ಪಲ್ಮನಾಲಜಿಸ್ಟ್, ಇಲ್ಲಾ ಇಎನ್‌ಟಿ. ಕಲಬುರಗಿ ಜಿಮ್ಸ್ ಅಂಥಾ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿಯಿಂದ ಶುರು ಮಾಡಿದ್ರೂ ನಡೀತದ, ಎರಡೂ ವಿಭಾಗ ಒಂದೇ ಕಡಿ ಇರ್ತಾವ, ಟಾನ್ಸಿಲ್ ಮೂಗು ಅಲ್ಲೇ ನೋಡ್ತಾರ. ಸ್ಲೀಪ್ ಟೆಸ್ಟ್ ಮಾತ್ರ ಎಲ್ಲಾ ಕಡಿ ಇರಲ್ಲ, ಹೋಗೋಕ್ಕಿಂತ ಮದ್ಲ ಫೋನ್ ಹಚ್ಚಿ ಕೇಳ್ರಿ, ರಾತ್ರಿಪೂರಾ ಇಟ್ಕೊಂಡ್ ಮಾಡೋ ಪಾಲಿಸೋಮ್ನೋಗ್ರಫಿ ಅದನೋ ಇಲ್ಲಾ ಮನಿಗಿ ಕೊಟ್ಟು ಕಳಿಸೋ ಸಣ್ಣ ಮಷೀನೋ, ರಿಪೋರ್ಟ್ ಯಾರು ಓದ್ತಾರ, ಎಲ್ಲಾ ಸೇರಿ ಎಷ್ಟ್ ಅಂತ. ನಮ್ ಮಂದಿ ಸೊಲ್ಲಾಪುರ, ಹೈದ್ರಾಬಾದಿಗೂ ಹೋಗ್ತಾರ, ಆದ್ರ ಮದ್ಲು ಇಲ್ಲೇ ತೋರಿಸಿ ಚೀಟಿ ಬರಸ್ಕೊಂಡ್ ಹೋಗ್ರಿ, ಸೀದಾ ಹೋದ್ರ ಅಲ್ಲಿ ಎಲ್ಲಾ ಮೊದಲಿಂದ ಶುರು.

ನನಗ ತಾಸಿಗಿ 38 ಸಲ ಉಸರಿಗಿ ತ್ರಾಸ್ ಆಗ್ತಿತ್ತು ಅಂತ ಬಂತು. 5ಕ್ಕಿಂತ ಕಡಿಮಿ ಇದ್ರ ನಾರ್ಮಲ್, 15ರ ತನ ಸೌಮ್ಯ, 30ರ ತನ ಮಧ್ಯಮ, ಮ್ಯಾಲ ಹೋದ್ರ ಜೋರು. ಈಗ ಸಿಪ್ಯಾಪ್, ಅಂದ್ರ ಮಾಸ್ಕಿನಿಂದ ಗಾಳಿ ಒತ್ತಿ ಉಸರಿನ ದಾರಿ ತೆರದಿಡೋ ಮಷೀನ್, ಹಾಕ್ಕೊಂಡ್ ಮಲಗ್ತೀನಿ. ಶುರುವಿಗಿ ಜೀವ ಹೋಗೋ ಹಂಗ ಅನಸ್ತು ಅದೂ ಖರೇ, ನಮ್ ಮಗ ನೋಡಿ "ಪಪ್ಪಾ ಫೈಟರ್ ಪೈಲಟ್" ಅಂತಿದ್ದ. ಮೇ ತಿಂಗಳದಾಗ ಮಾಸ್ಕ್ ಕೆಳಗ ಬೆವರು, ಕರೆಂಟ್ ಹೋದ್ರ ಮಷೀನ್ ಬಂದ್, ಅದಕ್ಕ ಇನ್ವರ್ಟರ್ ಬೇಕು. ಅದ್ರ ನೀರಿನ ಡಬ್ಬಿಗಿ ನಮ್ ನಳದ ನೀರು ಹಾಕಿದ್ರ ಸುಣ್ಣ ಕಟ್ತದ, ಶಹಾಬಾದ್ ಕಲ್ಲಿನ ಸೀಮಿ ಇದು, ಡಿಸ್ಟಿಲ್ಡ್ ವಾಟರ್ ತರ್ಬೇಕು. ಇಷ್ಟೆಲ್ಲಾ ಕಿರಿಕಿರಿ ಇದ್ರೂ ಈಗ ಬಿಪಿ ಗುಳಿಗಿ ಕಡಿಮಿ ಆಗ್ಯಾವ, ಹೆಂಡ್ತಿ ಮಲಗ್ಲಕತ್ಯಾಳ.

ಒಂದ್ ಮಾತು, ಟೆಸ್ಟ್ ಆಗೋ ತನ ಸ್ಕೂಟಿ ಇದ್ರ ನಿದ್ದಿ ಬಂದಾಗ ಹೊಡೀಬ್ಯಾಡ್ರಿ. ಇದು ಚೇಷ್ಟಿ ಅಲ್ಲ.

ಬೀದರ್_ಕೋಟಿಬಾಜು

ನಮಸ್ಕಾರ ಟೀಚರ್. ನಂದು ನಾರ್ಕೊಲೆಪ್ಸಿ, ಅದಕ್ಕೇ ಬರೀಲಕತ್ತೀನಿ. ಗೂಗಲ್ ನೋಡಿ ಅದರ ಹೆಸರಿಗಿ ಹೆದರೋರು ಭಾಳ ಮಂದಿ, ಖರೇ ಇದ್ದೋರಿಗಿ ಮಾತ್ರ ವರ್ಷಗಟ್ಟಲೆ ಗೊತ್ತೇ ಆಗಲ್ಲ, ಉಲ್ಟಾ ಅದ.

ನನಗ ಡಿಗ್ರೀ ಓದೋವಾಗ ಶುರು ಆಯ್ತು. ಪರೀಕ್ಷಾ ಹಾಲ್‌ನ್ಯಾಗ ಬರೀತ ಬರೀತ ನಿದ್ದಿ. ಅದಕ್ಕಿಂತ ವಿಚಿತ್ರ, ದೋಸ್ತರು ಏನರ ಜೋಕ್ ಹೇಳಿ ಜೋರ್ ನಗು ಬಂತಂದ್ರ ಮೊಣಕಾಲ್ ಸಡ್ಲ ಬಿದ್ದು ಕೆಳಗ ಕುಂತುಬಿಡ್ತಿದ್ದೆ, ಗದ್ದ ಜೋತು ಬೀಳ್ತಿತ್ತು, ಮಾತು ತೊದಲ್ತಿತ್ತು, ಆದ್ರ ಎಲ್ಲಾ ಕೇಳಸ್ತಿತ್ತು, ಎಚ್ಚರ ತಪ್ತಿರ್ಲಿಲ್ಲ. ಅದಕ್ಕ ಕ್ಯಾಟಾಪ್ಲೆಕ್ಸಿ ಅಂತಾರ ಅಂತ ಆಮ್ಯಾಲ ಗೊತ್ತಾಯ್ತು. ಮದ್ಲ ಮೂರ್ಛಿ ರೋಗ ಅಂದು ಗುಳಿಗಿ ಕೊಟ್ರು, ಮನ್ಯಾಗ ತಾಯತ ಕಟ್ಸಿದ್ರು, ಕಾಲೇಜಿನ್ಯಾಗ ಆಲ್ಸಿ ಅಂದ್ರು. ಕಡೀಕ್ ಬೆಂಗಳೂರು ನಿಮ್ಹಾನ್ಸ್‌ಗಿ ಹೋದ್ವಿ. ಅದಕ್ಕೂ ಮನ್ಯಾಗ ಜಗಳ, ಅದು ಹುಚ್ಚರ ದವಾಖಾನಿ, ಮಂದಿಗಿ ಗೊತ್ತಾದ್ರ ಕನ್ಯಾ ಕೊಡ್ತಾರೇನು ಅಂತ ನಮ್ ಆಯಿ. ಅಲ್ಲಿ ನರಕ್ಕ ಸಂಬಂಧಪಟ್ಟಿದ್ದೂ ನೋಡ್ತಾರ ಅಂತ ಆಕಿಗಿ ಹೇಳಿ ಹೇಳಿ ಸಾಕಾಯ್ತು.

ಹಂಗಾಗಿ ನಿಮಗ ನಾ ಕೇಳೋದು ಇಷ್ಟೇ. ನಗು ಬಂದಾಗ, ಇಲ್ಲಾ ಒಮ್ಮೆಲೆ ಸಿಟ್ಟು ಬಂದಾಗ ಕಾಲು, ಕುತಗಿ, ಗದ್ದ ಸಡ್ಲ ಆಗ್ತಾವೇನು? ಹಗಲಿ ಹತ್ ಹದಿನೈದ್ ಮಿನಿಟ್ ಮಲಗಿದ್ರ ಫ್ರೆಶ್ ಅನಸ್ತದೇನು? ಆ ಸಣ್ಣ ನಿದ್ದ್ಯಾಗ ಕನಸು ಬೀಳ್ತಾವೇನು? ಝೋಂಪು ಸಣ್ಣ ವಯಸ್ಸಿನಿಂದ ಅದನೋ ಈಗೀಗೋ? ನಮ್ದು ಹೆಚ್ಚಾಗಿ ಹರೇದಾಗೇ ಶುರು ಆಗ್ತದ. ಮೆದುಳಿನ್ಯಾಗ ಎಚ್ಚರ ಇಡೋ ಒರೆಕ್ಸಿನ್ ಅಂತ ಒಂದ್ ಅಂಶ ಅದ, ಹಿಂಗ ನಗುವಿಗಿ ಸಡ್ಲ ಬೀಳೋ ಮಂದಿಗಿ ಅದನ್ನ ಮಾಡೋ ಕಣಗಳೇ ನಾಶ ಆಗಿರ್ತಾವ. ಅದು 1998ರಾಗ ಸಿಕ್ಕಿದ್ದು, ಅಂದ್ರ ನಮ್ ಅಪ್ಪನ ಕಾಲದ ಡಾಕ್ಟರರಿಗಿ ಬೈದ್ರ ಉಪಯೋಗಿಲ್ಲ.

ಇನ್ನ ಎದಿ ಮ್ಯಾಲ ಕುಂತಂಗ ಆಗೋದು. ಅದಕ್ಕ ಸ್ಲೀಪ್ ಪೆರಾಲಿಸಿಸ್ ಅಂತಾರ. ಕನಸಿನ ನಿದ್ದ್ಯಾಗ ಮೈ ಅಲುಗಾಡಬಾರ್ದು ಅಂತ ಮೆದುಳೇ ಸ್ನಾಯು ಬಂದ್ ಮಾಡಿರ್ತದ, ಎಚ್ಚರ ಮದ್ಲ ಬಂದು ಸ್ನಾಯು ಹಿಂದ್ ಉಳದ್ರ ಹಂಗ ಅನಸ್ತದ. ನಮಗೂ ಆಗ್ತದ, ಏನೂ ರೋಗ ಇಲ್ದೋರಿಗೂ ನಿದ್ದಿಗೆಟ್ಟಾಗ ಆಗ್ತದ. ಅದೊಂದೇ ನೋಡಿ ನಾರ್ಕೊಲೆಪ್ಸಿ ಅಂತ ತಿಳಕೋಬ್ಯಾಡ್ರಿ. ಅತ್ತಿಯವರ ಜೋಡಿ ವಾದ ಮಾಡಲಾಕೂ ಹೋಗಬ್ಯಾಡ್ರಿ, ಗೆಲ್ಲಂಗಿಲ್ಲ.

ಸೇಡಂರೋಡ್_ಟೀಚರ್

ಇಷ್ಟ್ ಮಂದಿ ಬರೀತೀರಿ ಅಂತ ಅನ್ಕೊಂಡಿರ್ಲಿಲ್ಲ. ಬೀದರ್ ತಮ್ಮಾ, ನಗು ಬಂದಾಗ ಏನೂ ಆಗಲ್ಲಪಾ, ಹೊಟ್ಟಿ ಹಿಡ್ಕೊಂಡ್ ನಗ್ತೀನಿ, ಗಟ್ಟಿ ನಿಂತೇ ಇರ್ತೀನಿ. ಹಗಲಿ ಮಲಗಿ ಎದ್ರ ಫ್ರೆಶ್ ಅಲ್ಲ, ಇನ್ನಾ ತಲಿ ಭಾರ. ಕನಸು ನೆನಪಿಲ್ಲ. ಶುರು ಆಗಿದ್ದು ಎರಡನೇ ಮಗು ಆದ್ಮ್ಯಾಲ, ಜೋರ್ ಆಗಿದ್ದು ಈಚೀಚಿಗಿ. ರಾತ್ರಿ ಬಚ್ಚಲಕ್ಕ ಎದ್ದು ಹೋಗೋದೂ ಹೆಚ್ಚಾಗ್ಯದ, ಶುಗರ್ ನೋಡ್ಸೀನಿ, ಇಲ್ಲ.

ವಾಡಿ ಅಣ್ಣಾರ, ನಿಮ್ ಮನಿಯವರ ಬಗ್ಗಿ ಓದಿ ನಮ್ಮನಿಯವರಿಗಿ ತೋರಿಸ್ದೆ. ಓದಿ ಏನೂ ಅನ್ಲಿಲ್ಲ, ಫೋನ್ ವಾಪಸ್ ಕೊಟ್ರು.

ಜೇವರ್ಗಿ_ಅಕ್ಕ

ತಂಗಿ, ಎಲ್ಲಾರೂ ಮಷೀನ್ ಹೆಸರು ಹೇಳ್ಲಕತ್ಯಾರ, ನಾ ಮಾತ್ರ ಮದ್ಲ ತಾಸ್ ಎಣಸು ಅಂತೀನಿ. ನಸಿಕ್ಲೆ ನಾಕೂವರಿಗಿ ಎದ್ದು ರೊಟ್ಟಿ ಬಡದು, ಡಬ್ಬಿ ಕಟ್ಟಿ, ಬಸ್ ಹಿಡದು, ಸಂಜಿ ಬಂದು ಮತ್ತ ಒಲಿ ಮುಂದ ನಿಂತು, ರಾತ್ರಿ ಪಾತ್ರಿ ತೊಳದು ಮಲಗೋದು ಹನ್ನೊಂದೂವರಿ. ಅದು ರೋಗ ಅಲ್ಲ, ಅದು ನಮ್ ಹಣೆಬರಹದ ಟೈಮ್ ಟೇಬಲ್. ಅದಕ್ಕ ಯಾವ ಮಷೀನೂ ಇಲ್ಲ. ಎಂಟ್ ತಾಸ್ ಅಂತ ಟೈಟಲ್‌ನ್ಯಾಗ ಬರದಿ, ಖರೇ ಎಂಟ್ ತಾಸ್ ಮಲಗ್ತೀಯೇನು?

ಇನ್ನೊಂದು, ಹಿಮೋಗ್ಲೋಬಿನ್ 10.6 ಅಂದ್ರ ಹೆಣ್ಮಕ್ಕಳಿಗಿ 12 ಇರಬೇಕಾದಲ್ಲಿ ಕಡಿಮೀನೇ. ಬಿ12 ಚುಚ್ಚಿದ್ರು, ಕಬ್ಬಿಣ ಅಂಶ ನೋಡ್ಯಾರೇನು? ಫೆರಿಟಿನ್ ಅಂತ ಟೆಸ್ಟ್ ಅದ, ಥೈರಾಯ್ಡ್ ಟಿಎಸ್‌ಎಚ್ ಅದ, ಎರಡೂ ಮಾಡಸು, ಊರಾಗೇ ಆಗ್ತಾವ. ನನಗ ಸಂಜಿ ಆಯ್ತಂದ್ರ ಮೀನಖಂಡದಾಗ ಇರುವಿ ಹರದಂಗ, ಕಾಲು ಆಡಿಸದೇ ಸಮಾಧಾನ ಇಲ್ಲ, ಮಲಗಿದ್ರ ಇನ್ನಾ ಜಾಸ್ತಿ, ಎದ್ದು ಅಡ್ಡಾಡಿದ್ರ ಕಡಿಮಿ. ವರ್ಷಾನುಗಟ್ಟಲೆ ಕಾಲು ಒತ್ತಿಸ್ಕೊಂಡೆ, ಕಡೀಕ್ ಫೆರಿಟಿನ್ ತಳ ಮುಟ್ಟಿತ್ತು, ಕಬ್ಬಿಣದ ಗುಳಿಗಿಗಿ ಅರ್ಧಕ್ಕರ್ಧ ಇಳೀತು. ರೆಸ್ಟ್‌ಲೆಸ್ ಲೆಗ್ಸ್ ಅಂತ ಅದಕ್ಕೂ ಒಂದ್ ಹೆಸರದ. ಮುಟ್ಟಿನಾಗ ಹೆಚ್ಚು ಹೋಗೋರಿಗಿ ಈ ಕೊರತಿ ಭಾಳ, ಯಾರೂ ಕೇಳಲ್ಲ, ನಾವೂ ಹೇಳಲ್ಲ.

ಉಸರು ನಿಲ್ಲೋದು ಸುಳ್ಳಂತ ನಾ ಅನ್ನಲ್ಲ, ವಿಡಿಯೋ ಅದ ಅಂದಿ. ಆದ್ರ ಒಬ್ಬಾಕಿಗಿ ಒಂದೇ ಕಾರಣ ಇರಬೇಕಂತ ಎಲ್ಲಿ ಬರದದ?

ಸೇಡಂರೋಡ್_ಟೀಚರ್

ಅಕ್ಕಾ ನಿಮ್ ಮಾತು ಬಡದಂಗ ಆಯ್ತು. ಸಾಲಿ ಇದ್ದಾಗ ಎಂಟ್ ತಾಸ್ ಎಲ್ಲಿ ಬರ್ತದ್ರಿ, ಐದೂವರಿ ಆರ್ ಅಷ್ಟೇ. ಆದ್ರ ಬ್ಯಾಸಗಿ ಸೂಟ್ಯಾಗ ತವರಮನಿಗಿ ಆಳಂದಕ್ಕ ಹೋಗಿದ್ದೆ, ನಮ್ಮವ್ವ ಒಲಿ ಹತ್ತಿರ ಬಿಟ್ಟಿಲ್ಲ, ಎಂಟ್ ಒಂಬತ್ ತಾಸ್ ಮಲಗೀನಿ, ಮಧ್ಯಾನ ಬ್ಯಾರೆ, ಸೂಟಿ ಪೂರಾ ಹಂಗೇ. ಅಷ್ಟಾದ್ರೂ ಮುಂಜಾನಿ ಅದೇ ತಲಿನೋವು, ಅದೇ ಜಡ. ಟೈಟಲ್ ಅದಕ್ಕೇ ಹಂಗ ಹಾಕೀನಿ. ಕಾಲಿನ ಇರುವಿ ನನಗಿಲ್ಲ. ಫೆರಿಟಿನ್ ಮಾಡ್ಸಿಲ್ಲ, ಟಿಎಸ್‌ಎಚ್ ಮಾಡ್ಸಿದ್ದು ಹಳೇದು.

ಸ್ಲೀಪ್‌ಲ್ಯಾಬ್_ಟೆಕ್ನಿಷಿಯನ್

ನಾನು ಯಾದಗಿರಿ ಕಡೆಯವನೇ, ಈಗ ಹೈದರಾಬಾದ್‌ನಲ್ಲಿ ಸ್ಲೀಪ್ ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ರೋಗ ಇದೇ ಅಂತ ನಾನು ಹೇಳಂಗಿಲ್ಲ. ಆದ್ರೆ ರಾತ್ರಿ ಪೂರ್ತಿ ಮಂದಿ ಮಲಗೋದನ್ನ ಸ್ಕ್ರೀನ್ ಮೇಲೆ ನೋಡೋದೇ ನನ್ನ ಕೆಲಸ, ಅದರ ಮೇಲೆ ಸ್ವಲ್ಪ ಹೇಳ್ತೀನಿ.

ನೀವು ಈಗ ಬರೆದಿರೋ ಸೂಟಿ ಮಾತು, ಅದನ್ನ ಡಾಕ್ಟರ್ ಮುಂದೆ ಹೇಳೋದು ಮರೀಬೇಡಿ. ನಿದ್ದೆ ಸಾಲದೇ ಬರೋ ಝೋಂಪು ರಜೆಯಲ್ಲಿ ಸಾಕಷ್ಟು ಮಲಗಿದ್ರೆ ಇಳೀಬೇಕು. ನಿಮಗೆ ಇಳಿದಿಲ್ಲ. ಅಂದ್ರೆ ತಾಸು ಕಡಿಮೆ ಇರೋದು ಒಂದು ಕಡೆ, ಮಲಗಿದ ತಾಸೂ ಕೆಟ್ಟಿರೋದು ಇನ್ನೊಂದು ಕಡೆ. ಇದಕ್ಕೇ ಟೆಸ್ಟ್‌ಗೆ ಮೊದಲು ಒಂದೆರಡು ವಾರ ಡೈರಿ ಬರೀರಿ ಅಂತಾರೆ, ಎಷ್ಟಕ್ಕೆ ಮಲಗಿದ್ರಿ, ಎಷ್ಟಕ್ಕೆ ಎದ್ರಿ, ನಡುವೆ ಎಷ್ಟು ಸಲ ಎಚ್ಚರ, ಚಹಾ ಎಷ್ಟೊತ್ತಿಗೆ. ಟೀಚರ್‌ಗೆ ನೋಟ್‌ಬುಕ್ ಬಗ್ಗೆ ನಾನೇನು ಹೇಳಲಿ.

ಎಪ್‌ವರ್ತ್ ಅಂತ ಒಂದು ಪ್ರಶ್ನೆಪಟ್ಟಿ ಕೊಡ್ತಾರೆ, 1991ರಲ್ಲಿ ಮೆಲ್ಬರ್ನ್‌ನ ಮರ್ರೆ ಜಾನ್ಸ್ ಅನ್ನೋ ಡಾಕ್ಟರ್ ಮಾಡಿದ್ದು. ಎಂಟು ಸನ್ನಿವೇಶ, ಓದುವಾಗ, ಟಿವಿ ನೋಡುವಾಗ, ಊಟ ಆಗಿ ಸುಮ್ಮನೆ ಕೂತಾಗ, ಒಂದು ತಾಸು ಗಾಡಿಯಲ್ಲಿ ಕೂತು ಹೋಗುವಾಗ ಹೀಗೆ, ಝೋಂಪು ಹತ್ತೋ ಸಾಧ್ಯತೆಗೆ ಸೊನ್ನೆಯಿಂದ ಮೂರು ಅಂಕ. ಒಟ್ಟು 24ಕ್ಕೆ 10 ದಾಟಿದ್ರೆ ಹಗಲು ನಿದ್ದೆ ಜಾಸ್ತಿ ಅಂತ. ಇದು ಝೋಂಪನ್ನ ಅಳೀತದೆ, ಕಾರಣ ಹೇಳಲ್ಲ. ಮನೇಲಿ ಕೂತು ಅಂಕ ಹಾಕ್ಕೊಂಡು ರೋಗದ ಹೆಸರು ಇಟ್ಕೊಬೇಡಿ, ನಮ್ಮಲ್ಲಿಗೆ ಬರೋ ಅರ್ಧ ಮಂದಿ ಹೆಸರು ತಾವೇ ಇಟ್ಕೊಂಡು ಬರ್ತಾರೆ.

ದಪ್ಪ ಇಲ್ಲ ಅಂದ್ರಿ. ತೂಕ ದೊಡ್ಡ ಕಾರಣ ಹೌದು, ಒಂದೇ ಕಾರಣ ಅಲ್ಲ. ಗದ್ದ ಹಿಂದಕ್ಕೆ ಇರೋರು, ಟಾನ್ಸಿಲ್ ದೊಡ್ಡದಿರೋರು, ಮೂಗು ಕಟ್ಟೋರು ತೆಳ್ಳಗಿದ್ರೂ ಬರ್ತಾರೆ, ನಮ್ಮ ದೇಶದ ಮಂದಿಗೆ ಕಡಿಮೆ ತೂಕಕ್ಕೂ ಬರ್ತದೆ. ಹೆಂಗಸರಲ್ಲಿ ಇನ್ನೊಂದು ತೊಂದರೆ, ಅವರು ಬಂದು ಗೊರಕೆ ಅನ್ನಲ್ಲ, ಸುಸ್ತು, ತಲೆನೋವು, ಮನಸ್ಸು ಸರಿ ಇಲ್ಲ ಅಂತಾರೆ, ಡಾಕ್ಟರ್ ಕೂಡ ಟೆನ್ಶನ್ ಅಂದುಬಿಡ್ತಾರೆ. ಮುಟ್ಟು ನಿಲ್ಲೋ ವಯಸ್ಸು ಹತ್ತಿರ ಬಂದ ಹಾಗೆ ಇದು ಹೆಚ್ಚಾಗ್ತದೆ. ರಾತ್ರಿ ಬಚ್ಚಲಕ್ಕೆ ಏಳೋದು, ಬೆಳಗಿನ ತಲೆನೋವು ಎರಡೂ ಇದರ ಜೊತೆ ಬರೋವೇ.

ಈಗ ಟೆಸ್ಟ್. ಮನೆಗೆ ಕೊಡೋ ಸಣ್ಣ ಮಷೀನ್‌ನಲ್ಲಿ ಮೂಗಿನ ಗಾಳಿ, ಎದೆಗೆ ಪಟ್ಟಿ, ಬೆರಳಿಗೆ ಆಕ್ಸಿಜನ್ ಕ್ಲಿಪ್ ಇಷ್ಟೇ ಇರ್ತದೆ. ಆ್ಯಪ್ನಿಯಾ ಜೋರಾಗಿದ್ರೆ ಅದರಲ್ಲಿ ಸಿಕ್ಕಿಬಿಡ್ತದೆ. ಆದ್ರೆ ಅದಕ್ಕೆ ಮೆದುಳಿನ ಅಲೆ ಕಾಣಲ್ಲ, ನೀವು ಎಚ್ಚರ ಇದ್ರೋ ಮಲಗಿದ್ರೋ ಅದಕ್ಕೆ ಗೊತ್ತಿಲ್ಲ, ಹಾಗಾಗಿ ಲೆಕ್ಕ ಕಡಿಮೆ ತೋರಿಸಬಹುದು. ಅದರಲ್ಲಿ ನಾರ್ಮಲ್ ಬಂದು ತೊಂದರೆ ಹಾಗೇ ಇದ್ರೆ ಅಲ್ಲಿಗೇ ಬಿಡಬೇಡಿ, ಲ್ಯಾಬ್ ಟೆಸ್ಟ್ ಕೇಳಿ. ಲ್ಯಾಬ್‌ನಲ್ಲಿ ತಲೆಗೆ, ಕಣ್ಣಿನ ಪಕ್ಕ, ಗದ್ದಕ್ಕೆ, ಕಾಲಿಗೆ ವೈರ್ ಅಂಟಿಸ್ತೀವಿ, ಎದೆ ಹೊಟ್ಟೆಗೆ ಪಟ್ಟಿ, ಕ್ಯಾಮೆರಾ ಇರ್ತದೆ. ಇಷ್ಟೆಲ್ಲ ಹಚ್ಚಿದ್ರೆ ನಿದ್ದೆ ಹೆಂಗೆ ಬರ್ತದೆ ಅಂತ ಎಲ್ಲರೂ ಕೇಳ್ತಾರೆ, ಬಹಳ ಮಂದಿಗೆ ಬರ್ತದೆ, ಮನೆಯಷ್ಟು ಚೆನ್ನಾಗಲ್ಲ, ನಮಗೆ ಬೇಕಾದಷ್ಟು. ಹತ್ತು ಸೆಕೆಂಡ್ ಅಥವಾ ಮೇಲೆ ಉಸಿರು ನಿಂತ್ರೆ ಒಂದು ಲೆಕ್ಕ, ಉಸಿರು ಅರ್ಧಂಬರ್ಧ ಆಗಿ ಆಕ್ಸಿಜನ್ ಇಳಿದ್ರೆ ಅದೂ ಲೆಕ್ಕಕ್ಕೆ ಬರ್ತದೆ. ರಾತ್ರಿಯ ಮೊದಲ ಭಾಗದಲ್ಲೇ ಜೋರಾಗಿ ಕಂಡ್ರೆ ಕೆಲವು ಕಡೆ ಉಳಿದ ಭಾಗಕ್ಕೆ ಸಿಪ್ಯಾಪ್ ಹಾಕಿ ಪ್ರೆಶರ್ ಎಷ್ಟು ಬೇಕು ಅಂತ ಅವತ್ತೇ ನೋಡ್ತಾರೆ. ಸಿಪ್ಯಾಪ್ ಏನು ಹೊಸ ಪ್ರಯೋಗ ಅಲ್ಲ, ಆಸ್ಟ್ರೇಲಿಯಾದ ಕಾಲಿನ್ ಸಲಿವನ್ 1981ರಲ್ಲಿ ಮಾಡಿ ತೋರಿಸಿದ್ದು.

ಬೀದರ್ ಅಣ್ಣ ಹೇಳಿದ್ದಕ್ಕೆ ಬೇರೆ ಟೆಸ್ಟ್, ರಾತ್ರಿ ಟೆಸ್ಟ್ ಆದ ಮರುದಿನ ಎರಡೆರಡು ತಾಸಿಗೊಮ್ಮೆ ಮಲಗಿಸಿ ಎಷ್ಟು ಬೇಗ ನಿದ್ದೆ ಬರ್ತದೆ, ಕನಸಿನ ನಿದ್ದೆ ಬರ್ತದೋ ಇಲ್ಲವೋ ನೋಡ್ತಾರೆ. ನಿಮ್ಮ ಉತ್ತರ ಓದಿದ್ರೆ ಅದು ಮೊದಲನೇ ಟೆಸ್ಟ್ ಆಗೋ ಹಂಗೆ ನನಗೆ ಅನಿಸಲ್ಲ, ಆದ್ರೆ ಅದನ್ನ ಡಾಕ್ಟರ್ ಹೇಳಬೇಕು.

ಇನ್ನೊಂದು, ಕೆಲವು ಅಂಗಡಿಯವರು ಟೆಸ್ಟೇ ಇಲ್ಲದೆ ಮಷೀನ್ ಮಾರಲಿಕ್ಕೆ ಬರ್ತಾರೆ. ತಗೋಬೇಡಿ. ಎಲ್ಲರಿಗೂ ಮಷೀನೇ ಗತಿ ಅಂತನೂ ಇಲ್ಲ. ಸೌಮ್ಯ ಇದ್ರೆ ಮಗ್ಗಲಾಗಿ ಮಲಗೋದು, ತೂಕ ಇಳಿಸೋದು, ದಂತವೈದ್ಯರು ಮಾಡಿಕೊಡೋ ಗದ್ದ ಮುಂದಕ್ಕಿಡೋ ಪ್ಲೇಟ್, ಟಾನ್ಸಿಲ್ ಇದ್ರೆ ಆಪರೇಷನ್, ಇವೆಲ್ಲ ಇವೆ.

ಸೇಡಂರೋಡ್_ಟೀಚರ್

ಸರ್ ಭಾಳ ಉಪಕಾರ ಆಯ್ತು. ಫೆರಿಟಿನ್, ಟಿಎಸ್‌ಎಚ್ ನಾಳೆನೇ ಕೊಡ್ತೀನಿ, ಛಾತಿ ಡಾಕ್ಟರ್ ಅಪಾಯಿಂಟ್‌ಮೆಂಟ್ ನಮ್ಮನಿಯವರೇ ತಗೊಂಡಾರ, ತಾವೂ ಬರ್ತೀನಿ ಅಂದಾರ. ನಾದ್ನಿಗಿ ಗ್ರೂಪಿನಿಂದ ವಿಡಿಯೋ ತಗಿ ಅಂತ ಹೇಳಿ ತಗಸೀನಿ, ಯಾಕಂತ ಹೇಳಿಲ್ಲ ಇನ್ನಾ.

ಎರಡ್ ಸಣ್ಣ ಪ್ರಶ್ನಿ. ರಾತ್ರಿ ಲ್ಯಾಬ್‌ನ್ಯಾಗ ಹೆಣ್ಮಕ್ಕಳು ಒಬ್ಬರೇ ಮಲಗ್ಬೇಕೇನು? ಮತ್ತ ಮುಂದಿನ ವಾರ ಅಕ್ಕನ ಮಗಳ ಲಗ್ನ ಅದ, ಎರಡೂ ಕೈಗಿ ಗೋರಂಟಿ ಹಚ್ತಾರ, ಆಮ್ಯಾಲ ಟೆಸ್ಟಿಗಿ ಹೋದ್ರ ನಡೀತದಾ?

ಸ್ಲೀಪ್‌ಲ್ಯಾಬ್_ಟೆಕ್ನಿಷಿಯನ್

ನಮ್ಮಲ್ಲಿ ಹೆಂಗಸರ ಜೊತೆ ಒಬ್ಬರು ಇರಬಹುದು, ಬೇರೆ ಕಡೆ ಮೊದಲೇ ಕೇಳ್ಕೊಳ್ಳಿ, ವೈರ್ ಹಚ್ಚಲಿಕ್ಕೆ ಹೆಣ್ಣು ಸಿಬ್ಬಂದಿ ಬೇಕು ಅಂತನೂ ಕೇಳಿ, ನಾಚಿಕೆ ಬೇಡ. ಗೋರಂಟಿ ಹಚ್ಚಿಸ್ಕೊಳ್ಳಿ, ಆದ್ರೆ ಒಂದೆರಡು ಬೆರಳಿನ ಉಗುರು ಬಿಡಿಸಿ. ಗಾಢ ಬಣ್ಣದ ಉಗುರಿನ ಮೇಲೆ ಆಕ್ಸಿಜನ್ ಕ್ಲಿಪ್ ತಪ್ಪು ಓದಬಹುದು. ಮರೆತು ಎಲ್ಲಾ ಬೆರಳಿಗೂ ಹಚ್ಚಿದ್ರೆ ಕಾಲ್ಬೆರಳಿಗೋ ಕಿವಿಗೋ ಹಾಕ್ತೀವಿ, ಮೊದಲೇ ಹೇಳಿ ಅಷ್ಟೇ. ಟೆಸ್ಟ್ ದಿನ ತಲೆಗೆ ಸ್ನಾನ ಮಾಡಿ ಬನ್ನಿ, ಎಣ್ಣೆ ಮಾತ್ರ ಹಚ್ಚಬೇಡಿ, ವೈರ್ ನಿಲ್ಲಲ್ಲ. ಮಧ್ಯಾಹ್ನದ ಮೇಲೆ ಚಹಾ ಬೇಡ.

ಶಹಾಪುರದಾಂವ

ಗುಳಿಗಿ ಮಾತ್ ವಾಪಸ್ ತಗೊಂಡೀನ್ರಪಾ. ಆ ಎಂಟ್ ಪ್ರಶ್ನಿ ಈಗ ನಮ್ ಕಾಕಾಗ ಓದಿ ಹೇಳ್ಕೋತ ಅಂಕ ಹಾಕ್ಲಕತ್ತಿದ್ವಿ, ಐದನೇದಕ್ಕ ಬರೋದ್ರಾಗ ಕುರ್ಚ್ಯಾಗೇ ಗೊರಕಿ.

ವಾಡಿ_ನೈಟ್‌ಶಿಫ್ಟ್

ಕಾಕಾಂದು ಬಿಪಿ ಎಷ್ಟದ, ಅದು ಮದ್ಲ ನೋಡಿಸ್ರಿ. ಗಾಡಿ ಹೊಡೀತಾರೇನು ಅವ್ರು?